ವೋಯಿ ಸ್ಟೇಷನ್ನಿನಲ್ಲಿ ಅರಸೀಕೆರೆಯ ಗೂಡ್ಸ್ ಡಬ್ಬಿ

ಈ ಪ್ರಯಾಣಕ್ಕೆ ನನಗೆ ಬಿದ್ದ ಖರ್ಚು ಒಂದು ತೆಂಗಿನ ತೋಟ. ಬಾಣಾವರದ ದಾರಿಯಲ್ಲಿದ್ದ ತೋಟ. ಗುಂಡಿ ತೆಗೆದು, ಕೊಡದಲ್ಲಿ ನೀರು ಹೊತ್ತು ನಾನೇ ಬೆಳೆಸಿದ್ದು. ನಷ್ಟಕ್ಕೆ ಮಾರಲಿಲ್ಲ, ನಷ್ಟಕ್ಕೆ ನಾನು ತೆಂಗಿನ ಚಿಪ್ಪನ್ನೂ ಮಾರುವವನಲ್ಲ. ಆದರೂ ಮಾರಬೇಕಾಗಿ ಬಂದದ್ದು ನಿಜ. ಆಫ್ರಿಕಕ್ಕೆ ಹೋಗಿ ಬಂದೆ ಎಂದರೆ ಜನ ಸಿಂಹ ಕಂಡೆಯಾ, ಚಿನ್ನ ತಂದೆಯಾ ಎಂದು ಕೇಳುತ್ತಾರೆ. ನಾನು ಹೋದದ್ದು ಒಂದು ಹಳೆಯ ಗೂಡ್ಸ್ ಡಬ್ಬಿಯ ಪಕ್ಕದಲ್ಲಿ ಒಂದು ಕಬ್ಬಿಣದ ಸರಳು ಇದೆಯೋ ಇಲ್ಲವೋ ಎಂದು ನೋಡುವುದಕ್ಕೆ. ಹೀಗೆಂದರೆ ನಗುತ್ತಾರೆ. ನಗುವವರು ಮೊದಲು ನನ್ನ ಭಾವನ ವಿಷಯ ಕೇಳಬೇಕು.

ಅರಸೀಕೆರೆ

ನನ್ನ ಅಕ್ಕನ ಗಂಡ ಸಿದ್ಧಲಿಂಗಣ್ಣ ನಮ್ಮೂರ ಹೊರಗಿನ ಒಂದು ಎಣ್ಣೆ ಗಿರಣಿಯಲ್ಲಿ ಮೇಸ್ತ್ರಿಯಾಗಿದ್ದರು. ಗಿರಣಿಯ ಅಂಗಳದಲ್ಲೇ ಒಂದು ತುಂಡು ರೈಲು ಹಳಿ. ಅದರ ಮೇಲೆ ಕೊಬ್ಬರಿ ಚೀಲ, ಹಿಂಡಿ ಮೂಟೆ ಸಾಗಿಸಲು ಹರಾಜಿನಲ್ಲಿ ಕೊಂಡ ನಾಲ್ಕು ಚಕ್ರದ ಒಂದು ಪುರಾತನ ಮರದ ಡಬ್ಬಿ. ಎಂಜಿನ್ ಇಲ್ಲ, ಹಮಾಲಿಗಳೇ ಹೆಗಲು ಕೊಟ್ಟು ತಳ್ಳಬೇಕು. ನಿಲ್ಲಿಸಬೇಕಾದರೆ ಚಕ್ರದ ಪಕ್ಕದಲ್ಲಿ ಉದ್ದಕ್ಕೆ ಚಾಚಿಕೊಂಡಿರುವ ಬ್ರೇಕಿನ ಸರಳನ್ನು ಕಾಲಿನಿಂದ ಅದುಮಿ ಹಿಡಿಯಬೇಕು. ಅದು ಮೇಸ್ತ್ರಿಯ ಕೆಲಸ; ಹಳಿಯ ಇನ್ನೊಂದು ಮಗ್ಗುಲಿಗೆ ಗಿರಣಿಯ ಗೋಡೆ, ಅತ್ತ ಬಗ್ಗಿ ನೋಡಿದವರಿಲ್ಲ.

ಒಂದು ಬೆಳಿಗ್ಗೆ ತುಂಬಿದ ಡಬ್ಬಿ ಗೇಟಿನ ಕಡೆಯ ಇಳಿಜಾರಿನಲ್ಲಿ ತಾನಾಗಿ ಉರುಳತೊಡಗಿತು. ಗೇಟಿನಲ್ಲಿ ರಂಗ ಎಂಬ ಹಮಾಲಿ, ಹಳೇಬೀಡಿನ ಮಗ್ಗುಲ ಬಸ್ತಿಹಳ್ಳಿಯವನು, ಬೆನ್ನು ಮಾಡಿ ಅಗುಳಿ ತೆಗೆಯುತ್ತಿದ್ದ. ಭಾವ ಡಬ್ಬಿಯ ಜೊತೆಗೇ ಓಡಿದರು, ಸರಳು ಅದುಮಲು ಕಾಲೆತ್ತಿದರು. ಅದುಮಲಿಲ್ಲ. ರಂಗ ಡಬ್ಬಿಗೂ ಗೇಟಿನ ಕಂಬಕ್ಕೂ ನಡುವೆ ಸಿಕ್ಕಿದ.

"ಸರಳೇ ಸಿಗಲಿಲ್ಲ" ಎಂದರು ಭಾವ. ಅಷ್ಟೇ ಅವರ ಹೇಳಿಕೆ.

ಸರ್ಕಾರದವರ ವಿಚಾರಣೆ ಆಕಸ್ಮಿಕ ಎಂದು ಮುಗಿಯಿತು. ಊರಿನವರ ವಿಚಾರಣೆ ಮುಗಿಯಲಿಲ್ಲ. ಈಗ ಸ್ಟೇಷನ್ನಿಗೆ ಬರುವ ಡಬ್ಬಿಗಳಿಗೆಲ್ಲ ಎರಡು ಮಗ್ಗುಲಲ್ಲೂ ಸರಳು ಇರುತ್ತದೆ. ಅದನ್ನು ದಿನಾ ಕಂಡ ಜನ, "ಸರಳು ಇಲ್ದೆ ಎಲ್ಲೋಯ್ತದೆ? ಹೆದರಿ ನಿಂತ್ಕೊಂಡ, ಈಗ ಕತೆ ಕಟ್ತವ್ನೆ" ಎಂದರು. ಆ ಡಬ್ಬಿ ಚಕ್ರದ ರಿಪೇರಿಗೆಂದು ರೈಲ್ವೆ ಶೆಡ್ಡಿಗೆ ಹೋಗಿ, ಅಲ್ಲಿನ ಹಳಿಸಮೇತ ತಿರುಗುವ ಟರ್ನ್‌ಟೇಬಲ್ ಮೇಲೆ ಹಿಂದುಮುಂದಾಗಿ ತಿರುಗಿ, ಆಗಷ್ಟೇ ಗಿರಣಿಗೆ ವಾಪಸಾಗಿತ್ತು. ಅದು ಎಲ್ಲರಿಗೂ ಗೊತ್ತು. ಆದರೆ ಎರಡು ಮಗ್ಗುಲಿಗೂ ಸರಳಿದ್ದರೆ ಡಬ್ಬಿ ಹೇಗೆ ತಿರುಗಿದರೇನು? ಒಂದೇ ಮಗ್ಗುಲಿಗೆ ಇದ್ದಿದ್ದರೆ ಮಾತು ಬೇರೆ: ದಿನವೂ ಭಾವನ ಕಡೆಗಿದ್ದ ಸರಳು ಆವತ್ತು ಗೋಡೆಯ ಕಡೆಗೆ ಹೋಗಿರುತ್ತದೆ. ಡಬ್ಬಿಯನ್ನೇ ನೋಡಿ ತೀರ್ಮಾನಿಸೋಣ ಎಂದರೆ, ಅಪಶಕುನದ ಸಾಮಾನು ಎಂದು ಗಿರಣಿಯವರು ಆ ವಾರದಲ್ಲೇ ಒಡೆಸಿ, ಮರವನ್ನು ಒಲೆಗೂ ಕಬ್ಬಿಣವನ್ನು ಗುಜರಿಗೂ ಹಾಕಿಬಿಟ್ಟಿದ್ದರು. ಗುಜರಿಯವನ ಹತ್ತಿರ ನನಗೆ ಸಿಕ್ಕಿದ್ದು, ಮಾಡಿದ ಕಾರ್ಖಾನೆಯ ಹೆಸರು, ಮಾಡಿದ ವರ್ಷ ಎರಕ ಹೊಯ್ದ ಒಂದು ಕಬ್ಬಿಣದ ಫಲಕ ಮಾತ್ರ.

ರಂಗನ ತಾಯಿ ಹೊನ್ನಮ್ಮನಿಗೆ ಅವನೊಬ್ಬನೇ ಮಗ. ಅಕ್ಕ ಕಳಿಸಿದ ಅಕ್ಕಿಬೇಳೆಯನ್ನು ಆಕೆ ಗಾಡಿಯಿಂದ ಇಳಿಸಗೊಡಲಿಲ್ಲ. "ನೋಡ್ತಾ ನಿಂತೋನ ಮನೆ ನೀರೂ ನಂಗೆ ಬ್ಯಾಡ" ಎಂದಳಂತೆ. ಭಾವ ಕೆಲಸ ಬಿಟ್ಟರು, ಆಮೇಲೆ ಮಾತು ಬಿಟ್ಟರು. ಒಮ್ಮೆ ನನ್ನ ತೆಂಗಿನ ನಾರಿನ ಹಗ್ಗದ ಮಂಡಿಯಲ್ಲಿ ಜೊತೆಗೆ ಕೂತಿದ್ದಾಗ ಇದ್ದಕ್ಕಿದ್ದ ಹಾಗೆ ಹೇಳಿದರು: "ಮಲ್ಲೇಶ, ಸರಳು ಇರ್ಲಿಲ್ವೋ, ಇದ್ದು ನನ್ನ ಕಾಲೇ ಏಳಲಿಲ್ವೋ, ಈಗ ನಂಗೇ ಗೊತ್ತಾಗ್ತಿಲ್ಲ ಕಣೋ."

ಜನ ಅಂದದ್ದನ್ನು ತಡೆದುಕೊಳ್ಳಬಹುದು. ಮನುಷ್ಯ ತನ್ನನ್ನೇ ನಂಬದೆ ಹೋದರೆ ಅವನನ್ನು ಉಳಿಸುವುದು ಕಷ್ಟ.

ಬೇಲೂರು

ಮಾತಿನಲ್ಲಿ ಹೇಳಿದರೆ ತಿಳಿಯುವುದಿಲ್ಲ, ಪಂಚರ ಮುಂದೆ ಒಂದು ಮಾದರಿ ಇಟ್ಟರೆ ತಿಳಿಯುತ್ತದೆ ಎಂದು ನನ್ನ ಲೆಕ್ಕ. ಬೇಲೂರಿನ ವೀರಭದ್ರಾಚಾರ್ರಿಗೆ ಹೇಳಿ, ಅಡಿಗೆ ಒಂದು ಇಂಚಿನಂತೆ ತೇಗದಲ್ಲಿ ಡಬ್ಬಿ ಮಾಡಿಸಿದೆ. ಎಂಥ ಕೈ! ಭಾವ ಹೇಳಿದ್ದ ಹಲಗೆಯ ಗೀಟು, ಬಾಗಿಲ ಕೊಂಡಿ, ಚಕ್ರದ ಕಡ್ಡಿ, ಯಾವುದೂ ತಪ್ಪಿರಲಿಲ್ಲ. ಮಠದ ಜಗಲಿಯ ಮೇಲೆ ಪಂಚರು ಸೇರಿದ ದಿನ ಬಟ್ಟೆ ಬಿಚ್ಚಿ ಮುಂದಿಟ್ಟೆ. ಹಿರಿಯರೊಬ್ಬರು ಆ ಕಡೆ ಈ ಕಡೆ ತಿರುಗಿಸಿ ನೋಡಿ, ಎರಡು ಮಗ್ಗುಲಲ್ಲೂ ಇದ್ದ ಸರಳಿನ ಮೇಲೆ ಬೆರಳಿಟ್ಟರು.

"ಇಲ್ಲೇ ಐತಲ್ಲ ಮಲ್ಲೇಶಣ್ಣ! ಕಾಸು ಕೊಟ್ಟು ಎದುರು ಕಡೆ ಸಾಕ್ಷಿ ಮಾಡಿಸ್ಕಂಡು ಬಂದಿದ್ದೀಯಲ್ಲ."

ಜಗಲಿಯಲ್ಲಿ ಕೂತಿದ್ದವರೆಲ್ಲ ನಕ್ಕರು. ಭಾವ ಎದ್ದು ಚಪ್ಪಲಿಯನ್ನೂ ಮೆಟ್ಟದೆ ಹೊರಟುಹೋದರು. ಎಲ್ಲ ತೆಂಗಿನಕಾಯಿಯನ್ನೂ ಬಡಿದು ನೋಡಿ ಕೊಳ್ಳುವ ನಾನು, ಆಚಾರ್ರು ಕೊಟ್ಟದ್ದನ್ನು ಮಾತ್ರ ತಿರುಗಿಸಿ ನೋಡದೆ ತಂದಿದ್ದೆ.

ಮರುದಿನವೇ ಬೇಲೂರಿಗೆ ಹೋಗಿ ಜಗಳವಾಡಿದೆ. "ಒಂದೇ ಕಡೆ ಅಂತ ಹೇಳಿರ್ಲಿಲ್ವೇನ್ರೀ ಆಚಾರ್ರೇ?"

"ಹೇಳಿದ್ರಿ. ನೀವು ಮರೆತು ಹೇಳ್ತಿದ್ದೀರಿ ಅಂದ್ಕೊಂಡೆ." ಉಳಿಯನ್ನು ಕೆಳಗಿಡದೆಯೇ ಹೇಳಿದರು. "ಒಂದು ಕೈ ಇರೋದು, ಒಂದು ಕೈ ಇಲ್ಲದ್ದು ಅಂದ್ರೆ ಅದು ಭಿನ್ನ. ಭಿನ್ನವಾದದ್ದು ನಮ್ಮ ಮನೆಯಿಂದ ಹೊರಕ್ಕೆ ಹೋಗೋ ಹಾಗಿಲ್ಲ. ನಮ್ಮಪ್ಪ, ಅವರಪ್ಪ, ಯಾರೂ ಕಳಿಸಿಲ್ಲ. ಅಷ್ಟಕ್ಕೂ ನೀವು ಆ ಡಬ್ಬೀನ ಕಣ್ಣಾರೆ ನೋಡಿದ್ದೀರಾ?"

ನಾನು ನೋಡಿರಲಿಲ್ಲ. ಭಾವ ಹೇಳಿದ್ದನ್ನು ಹೇಳಿದ್ದೆ.

ನಮ್ಮ ಸ್ಟೇಷನ್ನಿನಲ್ಲಿ ಬಹುಕಾಲ ಡಬ್ಬಿ ತಪಾಸಣೆಯ ಕೆಲಸ ಮಾಡಿ ನಿವೃತ್ತರಾದ ಸೂರಪ್ಪನವರನ್ನು ವಿಚಾರಿಸಿದೆ. "ಹಳೇ ಡಬ್ಬಿಗಳಲ್ಲಿ ಕೆಲವಕ್ಕೆ ಒಂದು ಕಡೆ, ಕೆಲವಕ್ಕೆ ಎರಡು ಕಡೆ. ನಾನು ಸಾವಿರಾರು ನೋಡಿದ್ದೀನಿ, ಆದ್ರೆ ನಿಮ್ಮ ಭಾವನ ಡಬ್ಬಿ ಬಗ್ಗೆ ಆಣೆ ಮಾಡಲಾರೆ" ಎಂದರು. ಫಲಕವನ್ನು ನೋಡಿ, "ಈ ಜಾತಿಯವು ಬಹುಪಾಲು ಮೊದಲನೇ ಮಹಾಯುದ್ಧದಲ್ಲಿ ಹಡಗು ಹತ್ತಿ ಆಫ್ರಿಕಕ್ಕೆ ಹೋದ್ವು, ಇಲ್ಲಿ ಉಳಿದವು ಗುಜರಿಗೆ ಹೋದ್ವು" ಎಂದರು. ಅವರ ಕೈಕೆಳಗೆ ಗುಮಾಸ್ತನಾಗಿದ್ದ ಮಂಗಳೂರಿನ ಲೋಬೊ ಎಂಬಾತ ಈಗ ಕೀನ್ಯಾದ ವೋಯಿ ಎಂಬಲ್ಲಿ ಸ್ಟೇಷನ್ ಮಾಸ್ತರು. ರಜೆಯಲ್ಲಿ ಊರಿಗೆ ಬಂದಾಗ, ಅರಸೀಕೆರೆಯಲ್ಲಿದ್ದಂಥದೇ ಒಂದು ಡಬ್ಬಿ ತನ್ನ ಸ್ಟೇಷನ್ನಿನಲ್ಲಿ ಇನ್ನೂ ಚಕ್ರದ ಮೇಲೆ ನಿಂತಿದೆ ಎಂದು ಹೇಳಿಹೋಗಿದ್ದನಂತೆ.

"ಕಾಗದ ಬರೆದು ಕೇಳಿ" ಎಂದರು ಸೂರಪ್ಪ. ಕಾಗದ ಯಾರು ನಂಬುತ್ತಾರೆ? ಸರಕನ್ನು ಕಾಣದೆ ಮುಂಗಡ ಕೊಡಬಾರದು. ಇದು ನನ್ನ ವ್ಯಾಪಾರದ ಮೊದಲ ಪಾಠ. ತೋಟ ಮಾರಿದೆ.

ಹಡಗು

ಮುಂಬಯಿಯಿಂದ ಹಡಗಿನ ಮೇಲಟ್ಟದಲ್ಲಿ ಹೋಗುವವರು ತಮ್ಮ ಜಾಗವನ್ನು ತಾವೇ ಹಿಡಿದುಕೊಳ್ಳಬೇಕು. ಹೊಗೆ ಕೊಳವೆಯ ಹತ್ತಿರ ಬೆಚ್ಚಗಿರುತ್ತದೆಂದು ನಾನು ಜಮಖಾನ ಹಾಸಿ ಗೆದ್ದೆನೆಂದುಕೊಂಡೆ. ಗಾಳಿ ತಿರುಗಿದ ಮೇಲೆ ಮಸಿಯೆಲ್ಲ ನನ್ನ ಪಂಚೆಯ ಮೇಲೆ. ಪಕ್ಕದಲ್ಲಿದ್ದ ಗುಜರಾತಿ ಮುದುಕಿಗೆ ನನ್ನ ಚಟ್ನಿಪುಡಿಯ ಡಬ್ಬ ಕೊಟ್ಟು, ಆಕೆಯ ಕಡೆ ಮೂರು ಮೊಳ ಜಾಗ ಪಡೆದೆ. ಅಲೆ ಎದ್ದ ಮೇಲೆ ಇಬ್ಬರಿಗೂ ಚಟ್ನಿಪುಡಿಯೂ ಬೇಡವಾಯಿತು, ಜಾಗವೂ ಬೇಡವಾಯಿತು. ಹಳದಿ ಜ್ವರದ ಸೂಜಿ ಚುಚ್ಚಿಸಿಕೊಂಡ ತೋಳು ಬೇರೆ ಊದಿಕೊಂಡಿತ್ತು.

ಆಕೆ ಮಗನನ್ನು ನೋಡಲು ಹೊರಟವಳು. "ನಿನಗೆ ಅಲ್ಲಿ ಯಾರಿದ್ದಾರೆ?" ಎಂದು ಹಿಂದೂಸ್ತಾನಿಯಲ್ಲಿ ಕೇಳಿದಳು. ಯಾರೂ ಇಲ್ಲ, ಒಂದು ರೈಲು ಡಬ್ಬಿ ಇದೆ ಎಂದೆ. ಅವಳು ನನ್ನನ್ನು ಬಹಳ ಹೊತ್ತು ನೋಡಿ, ತನ್ನ ಗಂಟಿನಿಂದ ಒಣಶುಂಠಿ ತೆಗೆದು ಕೊಟ್ಟಳು. ತಲೆ ನೆಟ್ಟಗಿಲ್ಲದವನೆಂದು ಕನಿಕರಪಟ್ಟಿರಬೇಕು.

ಮೊಂಬಾಸ

ಸುಂಕದ ಕಟ್ಟೆಯಲ್ಲಿ ನನ್ನ ಕೊರಳಿನ ಲಿಂಗದ ಬೆಳ್ಳಿ ಕರಡಿಗೆಯನ್ನು ಅವರು ಮುಟ್ಟಲಿಲ್ಲ. ತುಕ್ಕು ಹಿಡಿದ ಕಬ್ಬಿಣದ ಫಲಕವನ್ನು ಹಿಡಿದುಕೊಂಡರು. ಇದೇನು ಎಂದರೆ ಏನು ಹೇಳಲಿ? ಮಾರುವ ಸರಕಲ್ಲ, ದೇವರಲ್ಲ, ಆಯುಧವಲ್ಲ. ಒಬ್ಬ ಅಧಿಕಾರಿ ಇನ್ನೊಬ್ಬನನ್ನು ಕರೆದ, ಅವನು ಮತ್ತೊಬ್ಬನನ್ನು. ಕೊನೆಗೆ ಅಲ್ಲಿದ್ದ ಸರ್ದಾರ್ಜಿ ಕೂಲಿ ಮೇಸ್ತ್ರಿ ಅದನ್ನು ಓದಿ, "ರೈಲು ಡಬ್ಬಿಯದು, ಇಂಥವು ಇಲ್ಲೇ ಬೇಕಾದಷ್ಟಿದ್ದವು, ಇದನ್ನು ಹಿಂದೂಸ್ತಾನದಿಂದ ಯಾಕೆ ತಂದೆ?" ಎಂದು ನಕ್ಕು ಬಿಡಿಸಿಕೊಟ್ಟ.

ಊರಿನ ತುಂಬ ತೆಂಗು. ನಮ್ಮ ಕಡೆಯ ಹಾಗೆ ಪಾತಿ ಮಾಡಿ, ಸುಳಿಗೆ ಉಪ್ಪು ಹಾಕಿ ಸಾಕಿದ ಮರಗಳಲ್ಲ. ಕಡಲ ಗಾಳಿಗೆ ಬಾಗಿಕೊಂಡು ತಮ್ಮಷ್ಟಕ್ಕೆ ಬೆಳೆದವು. ಸಂತೆಯಲ್ಲಿ ಕಾಯಿ ಅಲುಗಿಸಿ ನೋಡಿದೆ. ಎಳಸಿನಲ್ಲೇ ಕಿತ್ತಿದ್ದಾರೆ, ಕೊಬ್ಬರಿಗೆ ಬಾರದು. ಮಾರುವವಳಿಗೆ ಕೈಸನ್ನೆಯಲ್ಲಿ ಹೇಳಿದೆ. ಅವಳೂ ಕೈಸನ್ನೆಯಲ್ಲೇ, ಬೇಕಾದರೆ ಕೊಳ್ಳು, ಬೇಡದಿದ್ದರೆ ದಾರಿ ಬಿಡು ಎಂದಳು. ವ್ಯಾಪಾರಕ್ಕೆ ಭಾಷೆ ಬೇಕಿಲ್ಲ.

ಅಲ್ಲಿಂದ ಹಿಂದಕ್ಕೆ ಹೆಜ್ಜೆ ಇಟ್ಟವನು ಮೂಟೆಗೆ ಎಡವಿ ಮೊಣಕಾಲೂರಿ ಬಿದ್ದೆ. ಅಕ್ಕಪಕ್ಕದವರೆಲ್ಲ ಒಂದೇ ಮಾತು: "ಪೋಲೆ, ಪೋಲೆ." ಅಪರಿಚಿತರು, ನನ್ನ ಮುಖವನ್ನೂ ಸರಿಯಾಗಿ ಕಾಣದವರು. ನಿನಗೆ ನೋವಾಯಿತಲ್ಲ, ನಮಗೂ ಬೇಸರವಾಯಿತು ಎಂದು ಆ ಮಾತಿನ ಅರ್ಥವೆಂದು ಆಮೇಲೆ ತಿಳಿಯಿತು. ಯಾರ ತಪ್ಪು ಎಂಬುದು ಆ ಮಾತಿನಲ್ಲಿ ಬರುವುದೇ ಇಲ್ಲ. ನಮ್ಮ ಅರಸೀಕೆರೆ ಸಂತೆಯಲ್ಲಿ ಬಿದ್ದಿದ್ದರೆ ಮೊದಲು ಕೇಳುತ್ತಿದ್ದದ್ದು, "ಕಣ್ಣು ಎಲ್ಲಿಟ್ಟಿದ್ಯೋ?" ನಾವು ಕೆಟ್ಟವರಲ್ಲ, ಆಮೇಲೆ ಎತ್ತಿ ಕೂರಿಸಿ ನೀರೂ ಕೊಡುತ್ತೇವೆ. ಆದರೆ ಮೊದಲು ತಪ್ಪು ಯಾರದೆಂದು ತೀರ್ಮಾನವಾಗಬೇಕು.

ವೋಯಿ

ಮೊಂಬಾಸದಿಂದ ರೈಲು ಒಳನಾಡಿಗೆ ಏರುತ್ತಾ ಹೋದಂತೆ ಮಣ್ಣು ಕೆಂಪಾಗುತ್ತದೆ, ಮರ ಕಡಿಮೆಯಾಗುತ್ತದೆ. ಹಳಿಯ ಅಗಲ ನಮ್ಮ ಊರಿನದೇ, ಮೀಟರ್ ಗೇಜು. ಕಣ್ಣು ಮುಚ್ಚಿ ಕೂತರೆ ಚಕ್ರದ ಸದ್ದು ತಿಪಟೂರು ದಾಟಿದ ಹಾಗೇ. ವೋಯಿಯ ಸುತ್ತ ಕತ್ತಾಳೆಯ ತೋಟಗಳು. ನಾವು ಬೇಲಿಗೆ ಹಾಕುವ ಕತ್ತಾಳೆಯಂಥದನ್ನು ಅವರು ಸಾಲು ಹಿಡಿದು ಬೆಳೆಯುತ್ತಾರೆ, ನಾರು ತೆಗೆದು ಹಡಗಿಗೆ ಹಾಕುತ್ತಾರೆ. ನಾರನ್ನು ಹಿಂಜಿ ನೋಡಿದೆ. ಹೊಳಪಿದೆ, ಬಿಗಿಯಿದೆ, ನಮ್ಮ ತೆಂಗಿನ ನಾರಿನ ಹಾಗೆ ನೀರು ತಡೆಯಲಾರದು.

ಲೋಬೊ ಮಾಸ್ತರು ಮೊದಲು ನನ್ನನ್ನು ನೋಡಿದರು, ಆಮೇಲೆ ಫಲಕವನ್ನು. "ಎಂತ ಮಾರಾಯ್ರೇ, ಒಂದು ಡಬ್ಬಿ ನೋಡ್ಲಿಕ್ಕೆ ಸಮುದ್ರ ದಾಟಿ ಬಂದದ್ದಾ? ಅದಕ್ಕೆ ಒಂದು ಚಾ ಆದ್ರೂ ಕುಡಿದು ಹೋಗಿ."

ಚಹಾ ಕುಡಿಯುವ ವ್ಯವಧಾನ ನನಗಿರಲಿಲ್ಲ. ಮುಖ್ಯ ಹಳಿಯಿಂದ ಕವಲೊಡೆದ ಹಳೆಯ ಸೈಡಿಂಗಿನ ಕೊನೆಯಲ್ಲಿ ಡಬ್ಬಿ ನಿಂತಿತ್ತು. ಅದೇ ಕಾರ್ಖಾನೆ, ಅದೇ ವರ್ಷ. ಎರಡು ಫಲಕಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದೆ. ಬಣ್ಣ ಹೋಗಿದೆ, ಬಾಗಿಲಿಗೆ ಗೋಣಿಯ ಪರದೆ ಬಂದಿದೆ, ಮುಂದೆ ಮೂರು ಕಲ್ಲಿನ ಒಲೆ. ಬಗ್ಗಿ ಚಕ್ರದ ಪಕ್ಕ ನೋಡಿದೆ. ಸರಳು ಇತ್ತು. ಕೈ ಕಾಲು ಮುಟ್ಟಿ ನುಣುಪಾದ, ದಪ್ಪನೆಯ ಸರಳು.

ತೋಟ ಮಾರಿದ್ದು ದಂಡವಾಯಿತು ಎಂದುಕೊಂಡೆ. ಆದರೂ ಒಂದು ಮಗ್ಗುಲು ಇದು, ಇನ್ನೊಂದು ಉಳಿದಿದೆಯಲ್ಲ. ಆ ಕಡೆಗೆ ಮುಳ್ಳುಕಂಟಿ ಬೆಳೆದು ಡಬ್ಬಿಗೆ ಒತ್ತಿಕೊಂಡಿತ್ತು. ನಾನು ಚೀಲದಿಂದ ಅಳತೆಯ ಟೇಪು ತೆಗೆದು, ಕಂಟಿ ಸರಿಸಲು ಹೋಗುತ್ತಿದ್ದಂತೆ ಗೋಣಿಪರದೆ ಸರಿಸಿ ಒಬ್ಬ ಮುದುಕ ಹೊರಬಂದು ಕೋಲು ಅಡ್ಡ ಹಿಡಿದ. ಸೈಡಿಂಗಿನ ಕಾವಲುಗಾರ, ಡಬ್ಬಿಯೇ ಅವನ ಮನೆ. ಹಿರಿಯರನ್ನು ಅಲ್ಲಿ 'ಮ್ಜೇ' ಎನ್ನುತ್ತಾರೆ, ನಾವು ಅಜ್ಜ ಎಂದ ಹಾಗೆ. ಮ್ಜೇ ಗದರಿಸಿದ್ದನ್ನು ಲೋಬೊ ನನಗೆ ಹೇಳಿದರು:

"ಟೇಪು ಒಳಗಿಡಿ ಮಾರಾಯ್ರೇ. ಹಿಂದೆ ಒಮ್ಮೆ ಟೇಪು ಹಿಡ್ಕೊಂಡು ಬಂದವರು ಇವನ ಹೊಲ ಅಳೆದು ಹೋದ್ರಂತೆ. ಆಮೇಲೆ ಹೊಲವೂ ಇಲ್ಲ, ಮನೆಯೂ ಇಲ್ಲ. ಅಳೆಯುವವರನ್ನು ಇವ ನಂಬುವುದಿಲ್ಲ."

"ನೀವು ಮಾಸ್ತರು, ಹೇಳಿದ್ರೆ ಬಿಡಲ್ವಾ?"

"ಹೇಳಿದ್ರೆ ಬಿಡ್ತಾನೆ. ಆದ್ರೆ ನಾನು ಹೇಳುದಿಲ್ಲ. ಅದು ಅವನ ಮನೆ ಅಲ್ವಾ?"

ಲೋಬೊರ ಮೇಲೆ ಸಿಟ್ಟು ಬಂತು. ಆದರೆ ಸಿಟ್ಟಿನಲ್ಲಿ ಮಾಡಿದ ವ್ಯಾಪಾರದಲ್ಲಿ ಲಾಭವಾದದ್ದನ್ನು ನಾನು ಕಂಡಿಲ್ಲ. ಟೇಪನ್ನು ಲೋಬೊರ ಕೈಗೆ ಕೊಟ್ಟು, ಮ್ಜೇಯ ಒಲೆಯ ಹತ್ತಿರ ಕೂತೆ. ಅವನು ಕತ್ತಾಳೆ ನಾರನ್ನು ತೊಡೆಯ ಮೇಲೆ ಹೊಸೆದು ಹಗ್ಗ ಮಾಡುತ್ತಿದ್ದ. ನಾನೂ ಒಂದು ಹಿಡಿ ನಾರು ತೆಗೆದುಕೊಂಡು ನಮ್ಮ ಕಡೆಯ ಹಾಗೆ ಅಂಗೈಯಲ್ಲಿ ಹೊಸೆದೆ. ಅವನು ನನ್ನ ಹಗ್ಗವನ್ನು ಎಳೆದು ನೋಡಿ ಹೊಟ್ಟೆ ತುಂಬ ನಕ್ಕ. ನಾನು ಅವನದನ್ನು ಎಳೆದು ನೋಡಿ ತಲೆದೂಗಿದೆ. ಹೀಗೆ ಮಧ್ಯಾಹ್ನವಾಯಿತು. ಲೋಬೊ ಬಂದು ಕೂತ ಮೇಲೆ ನನಗೆ ಬೇಕಾದದ್ದು ಏನೆಂದು ಇದ್ದದ್ದು ಇದ್ದಂತೆ ಹೇಳಿಸಿದೆ: ನಮ್ಮೂರಿನಲ್ಲಿ ಇದೇ ಥರದ ಡಬ್ಬಿ ಒಬ್ಬ ತಾಯಿಯ ಮಗನನ್ನು ಕೊಂದಿತು. ನನ್ನ ಭಾವ ನಿಲ್ಲಿಸಲು ಹೋದ, ಸರಳು ಸಿಗಲಿಲ್ಲ ಎನ್ನುತ್ತಾನೆ. ಆ ಕಡೆ ಸರಳು ಇದೆಯೋ ಇಲ್ಲವೋ ಅಷ್ಟೇ ನನಗೆ ಬೇಕು.

ಮ್ಜೇ ಹಗ್ಗ ಹೊಸೆಯುವುದನ್ನು ನಿಲ್ಲಿಸಿದ. "ಪೋಲೆ" ಎಂದ. ಆಮೇಲೆ ಏನೋ ಕೇಳಿದ.

"ಆ ತಾಯಿ ಬದುಕಿದ್ದಾಳಾ ಅಂತ ಕೇಳ್ತಾನೆ" ಎಂದರು ಲೋಬೊ.

ಬದುಕಿದ್ದಾಳೆ ಎಂದೆ. ಮುದುಕ ಎದ್ದು ಒಳಗಿನಿಂದ ಮಚ್ಚು ತಂದು, ತಾನೇ ಕಂಟಿ ಕಡಿಯತೊಡಗಿದ.

ಆ ಮಗ್ಗುಲಲ್ಲಿ ಸರಳು ಇರಲಿಲ್ಲ. ನಾನು ಮಣ್ಣಿನಲ್ಲಿ ಅಂಗಾತ ಮಲಗಿ ಚೌಕಟ್ಟಿನ ಉದ್ದಕ್ಕೂ ಕೈಯಾಡಿಸಿದೆ. ಹಿಂದೆ ಇದ್ದು ಮುರಿದುಬಿದ್ದಿದ್ದರೆ ಒಂದು ತೂತಾದರೂ ಉಳಿದಿರಬೇಕು. ತೂತಿಲ್ಲ, ಕೊಂಡಿಯಿಲ್ಲ, ಮೊಳೆ ಕಿತ್ತ ಗುರುತಿಲ್ಲ. ಹುಟ್ಟಿದಾಗಿನಿಂದ ಆ ಕಡೆ ಬರಿದೇ. ಉರುಳುವ ಡಬ್ಬಿಯ ಜೊತೆ ಓಡುತ್ತ, ದಿನವೂ ಇರುತ್ತಿದ್ದ ಕಡೆ ಕಾಲಿಟ್ಟು, ಕಾಲಿನ ಕೆಳಗೆ ಏನೂ ಸಿಗದೆ ಹೋದ ಮನುಷ್ಯನನ್ನು ನಾನು ಅಲ್ಲಿ ಮಲಗಿಕೊಂಡೇ ಮೊದಲ ಬಾರಿಗೆ ಕಂಡೆ.

ಟೇಪು ಬೇಡ, ಹಗ್ಗವಾದರೆ ಅಡ್ಡಿಯಿಲ್ಲ ಎಂದ ಮ್ಜೇ. ಅವನೇ ಹೊಸೆದ ಹಗ್ಗ ಹಿಡಿದು ಉದ್ದ, ಅಗಲ, ಚಕ್ರದಿಂದ ಚಕ್ರಕ್ಕೆ, ನೆಲದಿಂದ ಚೌಕಟ್ಟಿಗೆ, ಒಂದೊಂದಕ್ಕೂ ಗಂಟು ಹಾಕಿದೆ. ಇನ್ನೊಂದು ತುದಿ ಹಿಡಿದವನು ಅವನೇ. ಲೋಬೊ ತಮ್ಮ ಪೆಟ್ಟಿಗೆ ಕ್ಯಾಮೆರಾದಲ್ಲಿ ಎರಡು ಮಗ್ಗುಲಿನ ಫೋಟೊ ತೆಗೆದರು. ಬೇರೆ ಬೇರೆ ಡಬ್ಬಿ ಎಂದು ಯಾರೂ ತಕರಾರು ಮಾಡಬಾರದಲ್ಲ, ಎರಡರಲ್ಲೂ ಮ್ಜೇಯನ್ನು ಅದೇ ಟೋಪಿಯಲ್ಲಿ ನಿಲ್ಲಿಸಿದೆ.

ಮತ್ತೆ ಬೇಲೂರು

ವೀರಭದ್ರಾಚಾರ್ರು ಫೋಟೊಗಳನ್ನು ಒಮ್ಮೆ ನೋಡಿ ಪಕ್ಕಕ್ಕಿಟ್ಟರು. ಹಗ್ಗವನ್ನು ಮಾತ್ರ ಗಂಟುಗಂಟಾಗಿ ಬೆರಳಿನಲ್ಲಿ ಜಾರಿಸಿ ನೋಡಿದರು. "ಯಾರೋ ಕೆಲಸ ಗೊತ್ತಿರೋರು ಹೊಸೆದವ್ರೆ" ಎಂದರು.

"ಏನ್ರೀ ಆಚಾರ್ರೇ, ಈಗ್ಲೂ ಭಿನ್ನ ಅಂತೀರಾ?"

"ಭಿನ್ನವೇ. ಅದ್ರಲ್ಲೇನು ಸಂಶಯ?" ಮೊದಲು ಮಾಡಿದ್ದ ಮಾದರಿಯನ್ನು ಮಡಿಲಿಗೆ ತೆಗೆದುಕೊಂಡರು. "ಮಲ್ಲೇಶಪ್ಪನೋರೇ, ಭಿನ್ನವಾದದ್ದನ್ನ ಪೂಜೆಗೆ ಇಡಬಾರದು. ಸಾಕ್ಷಿಗೆ ಇಡಬಹುದು." ಹೀಗೆಂದವರು ಉಳಿ ಹಿಡಿದು ಒಂದು ಸರಳನ್ನು ಬುಡದಿಂದಲೇ ತೆಗೆದುಬಿಡುತ್ತಾರೆಂದು ನಾನು ಕಾದೆ. ಹಾಗೆ ಮಾಡಲಿಲ್ಲ. "ಕಿತ್ತರೆ ಕಲೆ ಉಳೀತದೆ. ಇಲ್ದಿರೋದು ಬೇರೆ, ಕಿತ್ತದ್ದು ಬೇರೆ" ಎಂದು ಅದನ್ನು ಒಲೆಯ ಪಕ್ಕದ ಸೌದೆಗೆ ಹಾಕಿ, ಹೊಸ ತೇಗದ ತುಂಡಿಗೆ ಹಗ್ಗ ಹಿಡಿದರು. ಕೂಲಿಯ ಬಗ್ಗೆ ನಾನು ಬಾಯಿ ತೆರೆದಾಗ ತಲೆಯೆತ್ತಲಿಲ್ಲ, ಕೊನೆಗೂ ಕಾಸು ಮುಟ್ಟಲಿಲ್ಲ. ಚೌಕಾಸಿಗೆ ಸಿದ್ಧನಾಗಿ ಹೋದವನಿಗೆ ಇದಕ್ಕಿಂತ ದೊಡ್ಡ ಮುಖಭಂಗವಿಲ್ಲ.

ಪಂಚರು ಅರಸೀಕೆರೆಯಲ್ಲಿ ಎಲ್ಲವನ್ನೂ ನೋಡಿದರು. ಅಂದು ಸರಳಿನ ಮೇಲೆ ಬೆರಳಿಟ್ಟಿದ್ದ ಹಿರಿಯರೇ ಮಾದರಿಯನ್ನು ಹಿಂದುಮುಂದು ತಿರುಗಿಸಿ, "ಡಬ್ಬಿ ತಿರುಗಿ ಬಂದಿತ್ತು ಅನ್ನೋದು ದಿಟ. ಹಂಗಾದ್ರೆ ಬರಿದು ಮಗ್ಗುಲು ಇವನ ಕಡೆ ಇತ್ತು" ಎಂದರು. ತೀರ್ಮಾನವಾಯಿತು. ಆದರೆ ಭಾವನ ಮುಖ ಗೆಲುವಾಗಲಿಲ್ಲ.

"ಪಂಚರ ಮಗ ಅಲ್ಲವಲ್ಲೋ ಸತ್ತಿದ್ದು" ಎಂದರು.

ಬಸ್ತಿಹಳ್ಳಿ

ಹಳೇಬೀಡಿನಲ್ಲಿ ಬಸ್ಸಿಳಿದು ಬಸ್ತಿಹಳ್ಳಿಗೆ ನಡೆದೆವು. ಬಟ್ಟೆಯಲ್ಲಿ ಸುತ್ತಿದ ಮಾದರಿ ನನ್ನ ಕಂಕುಳಲ್ಲಿ. ಭಾವ ಹೊನ್ನಮ್ಮನ ಬೇಲಿಯ ಹೊರಗೇ ನಿಂತರು. ಎಷ್ಟು ಕರೆದರೂ ಒಳಗೆ ಬರಲಿಲ್ಲ.

ಹೊನ್ನಮ್ಮ ಜಗಲಿಯ ಮೇಲೆ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಕಣ್ಣಿಗೆ ಪೊರೆ ಬಂದು ಬೆಳಕು, ಕತ್ತಲೆ ಬಿಟ್ಟರೆ ಬೇರೇನೂ ಕಾಣದು.

"ಯಾರು?"

"ಅರಸೀಕೆರೆ ಮಲ್ಲೇಶಪ್ಪ ಕಣಮ್ಮ. ಸಿದ್ಲಿಂಗಣ್ಣನ ಭಾಮೈದ."

"ಯಾಕ್ ಬಂದೆ? ಅಕ್ಕಿ ತಂದಿದ್ರೆ ತಗೊಂಡೋಗು."

"ಅಕ್ಕಿ ತಂದಿಲ್ಲ. ಒಂದು ಸಾಮಾನು ತಂದಿವ್ನಿ. ಮುಟ್ಟಿ ನೋಡು, ಆಮೇಲೆ ಬೈಯಿ."

ಮಾದರಿಯನ್ನು ಅವಳ ಮುಂದಿಟ್ಟೆ. ಹುಣಸೆಯ ಅಂಟನ್ನು ಸೆರಗಿಗೆ ಒರೆಸಿಕೊಂಡು ಮುಟ್ಟಿದಳು. ಇದು ಬಾಗಿಲು, ಇದು ಚಕ್ರ ಎಂದು ಹೇಳಿದೆ. ಈ ಕಡೆಯದು ಸರಳು, ಇದನ್ನು ತುಳಿದರೆ ಡಬ್ಬಿ ನಿಲ್ಲುತ್ತದೆ ಎಂದು ಅವಳ ಬೆರಳನ್ನು ಸರಳಿನ ಮೇಲಿಟ್ಟೆ. ಅವಳು ಅದನ್ನು ಮೆಲ್ಲಗೆ ಅದುಮಿದಳು. ಆಮೇಲೆ ಡಬ್ಬಿಯನ್ನು ಅವಳ ಕೈಯಲ್ಲೇ ಇನ್ನೊಂದು ಮಗ್ಗುಲಿಗೆ ತಿರುಗಿಸಿದೆ. "ನಮ್ಮ ಭಾವ ಓಡ್ತಿದ್ದಿದ್ದು ಈ ಕಡೆ."

ಬೆರಳು ಒಂದು ಚಕ್ರದಿಂದ ಇನ್ನೊಂದಕ್ಕೆ ಹೋಯಿತು, ವಾಪಸು ಬಂತು, ಮತ್ತೆ ಹೋಯಿತು. ಚೌಕಟ್ಟಿನ ಅಡಿಗೂ ಕೈಹಾಕಿದಳು. ಬಹಳ ಹೊತ್ತು ಹುಡುಕಿದಳು. ಎಲ್ಲೋ ಸಿಗಬಹುದೆಂಬ ಆಸೆ ಅವಳಿಗೇ ಇದ್ದಂತಿತ್ತು. ಸಿಕ್ಕಿದರೆ ಸಿಟ್ಟಾದರೂ ಉಳಿಯುತ್ತದೆ.

"ಇಲ್ವಲ್ಲಪ್ಪ" ಎಂದಳು ಕೊನೆಗೆ.

"ಇಲ್ಲ ಕಣಮ್ಮ."

"ಬೇಲಿತಾವ ನಿಂತಿರೋದು ಅವ್ನೇಯಾ?"

ನಾನು ಹೇಳಿರಲಿಲ್ಲ. ಹೌದು ಎಂದೆ.

"ಒಳಿಕ್ ಬಾ ಅನ್ನು. ಅಲ್ಲಿ ನಿಂತ್ಕಂಡ್ರೆ ಮಾತು ಕೇಳ್ಸಲ್ಲ."

ಭಾವ ಬಂದು ಜಗಲಿಯ ಕೆಳಗೆ ನೆಲದಲ್ಲೇ ಕೂತರು. ಅವಳೇ ಮೊದಲು ಕೇಳಿದಳು. ಇಷ್ಟು ಕಾಲ ಭಾವನ ಮೇಲಿನ ಸಿಟ್ಟಿಗೆ ಕೇಳಲಾಗದೆ ಉಳಿದಿದ್ದ ಮಾತು ಅದು.

"ನನ್ ಮಗನ್ನ ಕೊನೇಗೆ ನೋಡ್ದೋನು ನೀನೇ ಅಲ್ವಾ? ಏನಂದ?"

"ಆಗ ಏನೂ ಅನ್ನಲಿಲ್ಲ ಕಣವ್ವ. ಬೆನ್ನು ಮಾಡಿದ್ದ." ಎಂದರು ಭಾವ. "ಅದಕ್ಕೆ ಮುಂಚೆ, ಗೇಟಿಗೆ ಹೋಗೋವಾಗ, 'ಮೇಸ್ತ್ರಿ, ಒಂದು ಬೀಡಿ ಐತಾ' ಅಂದ. ಕೊಟ್ಟೆ. ಕಿವಿಗೆ ಸಿಕ್ಕಿಸ್ಕಂಡ, ನಗ್ತಾ ಹೋದ."

"ಬೀಡಿ ಬಿಟ್ಟಿವ್ನಿ ಅಂತ ನನ್ ತಲೆ ಮುಟ್ಟಿ ಆಣೆ ಮಾಡಿದ್ದ" ಎಂದಳು ಹೊನ್ನಮ್ಮ. "ಕಳ್ಳ ನನ್ಮಗ." ನಗಲು ಹೋದವಳ ಬಾಯಿ ಅರ್ಧಕ್ಕೇ ಸೊಟ್ಟಗಾಯಿತು. ಆಮೇಲೆ ಅತ್ತಳು. ಭಾವನೂ ಅತ್ತರು. ನಾನು ಬಿಡಿಸದೆ ಉಳಿದಿದ್ದ ಹುಣಸೆಹಣ್ಣನ್ನು ಹತ್ತಿರ ಎಳೆದುಕೊಂಡು ಬೀಜ ಬಿಡಿಸುತ್ತ ಕೂತೆ.

ಹೊರಡುವವರಿಗೆ

ಕಡಲ ದಾರಿಯಲ್ಲಿ ಹೋಗುವವರು ಸೂಜಿಯನ್ನು ಹೊರಡುವುದಕ್ಕೆ ಸಾಕಷ್ಟು ಮುಂಚೆ ಎಡತೋಳಿಗೇ ಚುಚ್ಚಿಸಿಕೊಳ್ಳಿ. ಬಲತೋಳು ಊದಿದರೆ ಗಂಟು ಹೊರುವವರಿಲ್ಲ. ಹೊಗೆ ಕೊಳವೆಯ ಹತ್ತಿರ ಹಾಸಬೇಡಿ. ಒಣಶುಂಠಿ ಇರಲಿ. ಪರದೇಶದಲ್ಲಿ ಟೇಪನ್ನು ಕಂಡಕಂಡಲ್ಲಿ ತೆಗೆಯಬೇಡಿ. ಅಳತೆ ಎಂದರೆ ಏನೆಂದು ಅಲ್ಲಿನವರಿಗೆ ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ. ಫೋಟೊ ತೆಗೆಸುವುದಾದರೆ ಒಬ್ಬ ಮನುಷ್ಯನನ್ನು ಪಕ್ಕದಲ್ಲಿ ನಿಲ್ಲಿಸಿ, ಎತ್ತರವೂ ತಿಳಿಯುತ್ತದೆ, ಸಾಕ್ಷಿಯೂ ಆಗುತ್ತದೆ. ಹಳೆಯ ಡಬ್ಬಿಯೋ ಗಾಡಿಯೋ, ಮಾದರಿ ಮಾಡಿಸುವ ಮನಸ್ಸಿದ್ದರೆ, ಬೆಳಕು ಬಿದ್ದ ಮಗ್ಗುಲನ್ನಷ್ಟೇ ಬರೆದುಕೊಂಡು ವಾಪಸಾಗಬೇಡಿ; ಕಂಟಿಯಿದ್ದ ಕಡೆಯೂ ಮಲಗಿ ನೋಡಿ. ಬಟ್ಟೆ ಕೆಂಪಾಗುತ್ತದೆ, ಆಗಲಿ, ಒಗೆದರೆ ಹೋಗುತ್ತದೆ.

ಮುಖ್ಯವಾದದ್ದು ಇನ್ನೊಂದಿದೆ. ನಾನು ಹೊರಡುವಾಗ ತಿಳಿದವರು, ಈ ಹಡಗು ಬೇಡ, ಮಳೆ ಕಳೆಯಲಿ, ಆಮೇಲೆ ಹೋಗು, ಸಮುದ್ರ ಶಾಂತವಾಗಿರುತ್ತದೆ ಎಂದಿದ್ದರು. ಲೆಕ್ಕ ಹಾಕಿದರೆ ಅವರು ಹೇಳಿದ್ದೇ ಸರಿ. ಆದರೆ ನಾವು ಬಸ್ತಿಹಳ್ಳಿಗೆ ಹೋಗಿಬಂದ ಮೇಲೆ ಹೊನ್ನಮ್ಮ ಹೆಚ್ಚು ಕಾಲ ಬದುಕಿರಲಿಲ್ಲ. ಸಮುದ್ರ ಶಾಂತವಾಗಲೆಂದು ನಾನು ಕಾದಿದ್ದರೆ ಮಗ ಬೀಡಿ ಕೇಳಿದ್ದು ಅವಳಿಗೆ ತಿಳಿಯುತ್ತಲೇ ಇರಲಿಲ್ಲ. ನಿಮಗೂ ಯಾರಿಗಾದರೂ ತೋರಿಸಬೇಕಾದದ್ದು ದೂರದಲ್ಲೆಲ್ಲೋ ಇದ್ದರೆ, ಇರುವ ಹಡಗನ್ನೇ ಹತ್ತಿ. ವಾಂತಿಯಾಗುತ್ತದೆ, ಸಾಯುವುದಿಲ್ಲ.